ಮರಡೋನಾನಿಗೆ ಸಿಕ್ಕ ಅಡ್ವಾಂಟೇಜ್

ಕೊಡಗಿನಲ್ಲಿ ಫುಟ್‌ಬಾಲ್ ರೆಫರಿ ಎಂದು ಪರಿಚಯ ಹೇಳಿಕೊಂಡರೆ ಎದುರಿಗಿರುವವರು ಒಂದು ಕ್ಷಣ ತಡೆದು "ಹಾಕಿಯಲ್ಲವೇ?" ಎಂದು ಕೇಳುತ್ತಾರೆ. ಅವರ ತಪ್ಪೇನೂ ಇಲ್ಲ. ಬೇಸಿಗೆ ಬಂತೆಂದರೆ ಕೊಡವ ಕುಟುಂಬಗಳ ಹಾಕಿ ಪಂದ್ಯಾವಳಿಗೆ ನೂರಾರು ತಂಡಗಳು ಸೇರುವ ಜಿಲ್ಲೆ ನಮ್ಮದು. ಆದರೆ ಸುಂಟಿಕೊಪ್ಪ, ಸಿದ್ದಾಪುರ, ಅಮ್ಮತ್ತಿ, ವಿರಾಜಪೇಟೆಗಳ ಕಡೆ ಬಂದವರಿಗೆ ಇನ್ನೊಂದು ಕೊಡಗು ಕಾಣಿಸುತ್ತದೆ. ತೋಟದ ಲೈನ್ ಮನೆಗಳ ಮುಂದಿನ ಅಂಗೈಯಗಲದ ಬಯಲಿನಲ್ಲಿ ಮಕ್ಕಳು ಮಳೆಯಲ್ಲಿಯೂ ಚೆಂಡು ಒದೆಯುತ್ತಿರುತ್ತಾರೆ, ಮತ್ತು ವಿಶ್ವಕಪ್ ನಡೆಯುವ ವರ್ಷ ಪೇಟೆಯ ರಸ್ತೆಯ ಒಂದು ಬದಿ ಅರ್ಜೆಂಟೀನಾದ ತಿಳಿನೀಲಿಗೂ ಇನ್ನೊಂದು ಬದಿ ಬ್ರೆಜಿಲಿನ ಹಳದಿಗೂ ತಿರುಗುತ್ತದೆ. ಈ ಕೊಡಗಿನಲ್ಲಿ ನಾನು ಶಾಲೆಯೊಂದರ ಪಿ.ಟಿ. ಮೇಷ್ಟ್ರು. ರಜೆಯ ದಿನಗಳಲ್ಲಿ ವಿಶಲ್ ಹಿಡಿದು ಊರೂರ ಪಂದ್ಯಗಳಿಗೆ ಹೋಗುತ್ತೇನೆ.

2003ರ ಮಳೆಗಾಲದ ಒಂದು ಭಾನುವಾರ, ಒಂದು ಊರಿನ ಪಂದ್ಯಾವಳಿಯ ಫೈನಲ್‌ನಲ್ಲಿ ನಾನು ಕೈಯಿಂದ ಹೊಡೆದ ಗೋಲೊಂದನ್ನು ಗೋಲೆಂದು ಕೊಟ್ಟೆ. ಕಾರ್ನರ್‌ನಿಂದ ಬಂದ ಚೆಂಡಿಗೆ ನಾಲ್ಕೈದು ಮಂದಿ ಒಟ್ಟಿಗೆ ಹಾರಿದ್ದರು, ಕೆಸರು ನೀರು ಕಣ್ಣಿಗೆ ಸಿಡಿದಿತ್ತು, ನನಗೆ ಕಂಡದ್ದು ಬಲೆಯೊಳಗಿದ್ದ ಚೆಂಡು ಮಾತ್ರ. ಲೈನ್ಸ್‌ಮನ್ ಕೆಲಸಕ್ಕೆ ಒಪ್ಪಿಕೊಂಡಿದ್ದ ಊರಿನ ಯುವಕನ ಕಡೆ ನೋಡಿದೆ. ಅವನು ಬಾವುಟ ಇಳಿಬಿಟ್ಟು ನನ್ನ ಕಡೆಯೇ ನೋಡುತ್ತಿದ್ದ. ಗೋಲ್‌ಕೀಪರ್ ಹುಡುಗ ತನ್ನ ಮಣಿಕಟ್ಟನ್ನು ಬಡಿದು ತೋರಿಸುತ್ತ ನನ್ನ ಹಿಂದೆಯೇ ಮೈದಾನದ ನಡುವಿನವರೆಗೆ ಬಂದ. ಪಂದ್ಯ 1–0ಯಲ್ಲಿ ಮುಗಿಯಿತು. ಸಂಜೆ ಕಾಕಾನ ಚಹಾ ಅಂಗಡಿಯಲ್ಲಿ ಗೋಲು ಹೊಡೆದ ಹುಡುಗ ನನ್ನ ಮುಂದೆ ನಿಂತು, ನಾಚಿಕೆಯ ಲವಲೇಶವೂ ಇಲ್ಲದೆ, "ದೇವರ ಕೈ, ಸಾರ್" ಎಂದು ನಕ್ಕ. ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ನಾನೂ ನಗಬೇಕಾಯಿತು. ಆ ಮಾತನ್ನು ಮೊದಲು ಹೇಳಿದ ಅರ್ಜೆಂಟೀನಾದ ಆಟಗಾರ ಡಿಯಾಗೊ ಮರಡೋನಾನ ಆಟವನ್ನೂ ಬದುಕನ್ನೂ ನಾನು ಗಂಭೀರವಾಗಿ ಓದಲು ಶುರುಮಾಡಿದ್ದು ಅಂದಿನಿಂದ. ಅಭಿಮಾನಿಯಾಗಿ ಅಲ್ಲ, ಅಂಥ ಗೋಲು ಕೊಟ್ಟವರ ಸಾಲಿನಲ್ಲಿ ನಿಂತವನಾಗಿ.

(ಅವನನ್ನು ಏಕವಚನದಲ್ಲಿ ಕರೆಯುವುದಕ್ಕೆ ಓದುಗರು ಬೇಸರಿಸಬಾರದು. ನಮ್ಮ ಕಡೆ ಒಬ್ಬ ಆಟಗಾರನನ್ನು ಬಹುವಚನದಲ್ಲಿ ಕರೆಯಲಾರಂಭಿಸಿದರೆ ಅವನು ಆಟ ಬಿಟ್ಟಿದ್ದಾನೆ ಎಂದರ್ಥ.)

1986ರ ಜೂನ್ 22ರಂದು ಮೆಕ್ಸಿಕೊ ನಗರದ ಅಜ್ಟೆಕಾ ಕ್ರೀಡಾಂಗಣದಲ್ಲಿ ಅರ್ಜೆಂಟೀನಾ ಮತ್ತು ಇಂಗ್ಲೆಂಡ್ ನಡುವಿನ ವಿಶ್ವಕಪ್ ಕ್ವಾರ್ಟರ್ ಫೈನಲ್‌ಗೆ ರೆಫರಿಯಾಗಿದ್ದವರು ಟ್ಯುನೀಷಿಯಾದ ಅಲಿ ಬಿನ್ ನಾಸರ್. ಲೈನ್ಸ್‌ಮನ್ ಬಲ್ಗೇರಿಯಾದ ಬೊಗ್ದಾನ್ ದೊಚೆವ್. ನಾಲ್ಕು ವರ್ಷಗಳ ಹಿಂದಷ್ಟೇ ಫಾಕ್‌ಲ್ಯಾಂಡ್ ದ್ವೀಪಗಳಿಗಾಗಿ ಈ ಎರಡು ದೇಶಗಳು ಯುದ್ಧ ಮಾಡಿ, ಅರ್ಜೆಂಟೀನಾ 649 ಮಂದಿಯನ್ನೂ ಬ್ರಿಟನ್ 255 ಮಂದಿಯನ್ನೂ ಕಳೆದುಕೊಂಡಿದ್ದವು. ಹಾಗಾಗಿ ಲಕ್ಷಕ್ಕೂ ಮೀರಿದ ಪ್ರೇಕ್ಷಕರ ನಡುವೆ ನಿಂತ ಆ ರೆಫರಿಯ ಹೆಗಲ ಮೇಲೆ ಆಟಕ್ಕಿಂತ ದೊಡ್ಡ ಭಾರವಿತ್ತು. 51ನೆಯ ನಿಮಿಷದಲ್ಲಿ ಇಂಗ್ಲೆಂಡಿನ ಸ್ಟೀವ್ ಹಾಡ್ಜ್ ಚೆಂಡನ್ನು ದೂರ ಒದೆಯಲು ಹೋಗಿ ತನ್ನದೇ ಗೋಲ್‌ಕೀಪರ್ ಕಡೆಗೆ ಮೇಲಕ್ಕೆ ಹಾರಿಸಿದ. ಚೆಂಡು ಎದುರಾಳಿಯ ಕಾಲಿನಿಂದ ಬಂದದ್ದರಿಂದ ಆಫ್‌ಸೈಡ್‌ನ, ಅಂದರೆ ಸಹ ಆಟಗಾರನ ಪಾಸಿಗೆ ಎದುರಾಳಿ ರಕ್ಷಕರನ್ನು ಮೀರಿ ಮುಂದೆ ನಿಂತಿದ್ದ ತಪ್ಪಿನ, ಪ್ರಶ್ನೆ ಏಳಲಿಲ್ಲ. ಗೋಲ್‌ಕೀಪರ್ ಪೀಟರ್ ಶಿಲ್ಟನ್ ಮರಡೋನಾನಿಗಿಂತ ಸುಮಾರು 20 ಸೆಂಟಿಮೀಟರ್ ಎತ್ತರದವನು, ಮೇಲಾಗಿ ಅವನಿಗೆ ಕೈ ಬಳಸುವ ಹಕ್ಕಿತ್ತು. ಆದರೂ ಚೆಂಡನ್ನು ಮೊದಲು ಮುಟ್ಟಿದವನು ಮರಡೋನಾ, ತಲೆಯ ಪಕ್ಕದಲ್ಲೇ ಎತ್ತಿದ ಎಡಗೈ ಮುಷ್ಟಿಯಿಂದ.

ಹಿಂದಿನಿಂದ ಓಡಿ ಬರುತ್ತಿದ್ದ ಬಿನ್ ನಾಸರ್‌ಗೆ ಕಂಡದ್ದು ಗಾಳಿಯಲ್ಲಿದ್ದ ಎರಡು ಬೆನ್ನುಗಳು. ಅವರು ದೊಚೆವ್ ಕಡೆ ನೋಡಿದರು. ದೊಚೆವ್ ಬಾವುಟ ಎತ್ತದೆ ಮಧ್ಯದ ಗೆರೆಯ ಕಡೆಗೆ ಓಡಿದರು, ಅಂದರೆ ಗೋಲು. ಮುಂದೆ ವರ್ಷಗಟ್ಟಲೆ ಇಬ್ಬರೂ ಆ ತಪ್ಪಿನ ಹೊಣೆಯನ್ನು ಒಬ್ಬರ ಮೇಲೊಬ್ಬರು ಹೊರಿಸಿದರು. ಇದನ್ನು ಓದಿದಾಗಲೆಲ್ಲ ನನಗೆ ನಗು ಬರುವುದಿಲ್ಲ. ವಿಶಲ್ ಹಿಡಿದವನಿಗೆ ಮಾತ್ರ ಗೊತ್ತಿರುವ ಒಂದು ಶೂನ್ಯ ಕ್ಷಣವಿದೆ: ಏನೋ ತಪ್ಪಾಗಿದೆ ಎಂದು ಒಳಮನಸ್ಸು ಹೇಳುತ್ತಿರುತ್ತದೆ, ಆದರೆ ಕಣ್ಣು ಸಾಕ್ಷಿ ಕೊಡುವುದಿಲ್ಲ; ಕಾಣದ್ದಕ್ಕೆ ವಿಶಲ್ ಊದಲು ನಿಯಮದಲ್ಲಿ ಅವಕಾಶವಿಲ್ಲ. ಮರಡೋನಾನಿಗೂ ಆ ಕ್ಷಣದ ಅರಿವಿತ್ತು. ಅವನು ಮೂಲೆಯ ಕಡೆಗೆ ಓಡುತ್ತ ಹಿಂದಿರುಗಿ ನೋಡಿದ. ಸಹ ಆಟಗಾರರು ಅನುಮಾನದಿಂದ ತಡೆದು ನಿಂತಿದ್ದರು. ಬಂದು ತಬ್ಬಿಕೊಳ್ಳಿ, ಇಲ್ಲದಿದ್ದರೆ ರೆಫರಿ ಗೋಲು ಕೊಡುವುದಿಲ್ಲ ಎಂದು ತಾನೇ ಅವರನ್ನು ಕರೆದದ್ದಾಗಿ ಮುಂದೆ ಅವನು ಹೇಳಿಕೊಂಡಿದ್ದಾನೆ. ಕೈಯಿಂದ ಹೊಡೆದದ್ದು ಆ ಗಳಿಗೆಯ ಪ್ರಚೋದನೆ ಎಂದು ಬಿಟ್ಟುಬಿಡಬಹುದು. ತಬ್ಬಿಕೊಳ್ಳಲು ಕರೆದದ್ದು ಮಾತ್ರ ಯೋಚಿಸಿ ಮಾಡಿದ ಕೆಲಸ.

ಪಂದ್ಯದ ನಂತರ ಗೋಲು ಹೇಗೆ ಬಂತೆಂದು ಕೇಳಿದವರಿಗೆ ಸ್ವಲ್ಪ ಮರಡೋನಾನ ತಲೆಯಿಂದ, ಸ್ವಲ್ಪ ದೇವರ ಕೈಯಿಂದ ಎಂದು ಉತ್ತರಿಸಿದ. ಆತ್ಮಕಥೆಯಲ್ಲಿ ಅದನ್ನು ಇಂಗ್ಲಿಷರ ಜೇಬು ಕತ್ತರಿಸಿದ್ದಕ್ಕೆ ಹೋಲಿಸಿದ. ಗೆದ್ದವನ ಬಾಯಲ್ಲಿ ಕಳ್ಳತನವೂ ಕವಿತೆಯಾಗುತ್ತದೆ.

ಆದರೆ ಅದೇ ರೆಫರಿ ನಾಲ್ಕು ನಿಮಿಷಗಳ ನಂತರ ಮಾಡಿದ ಕೆಲಸವನ್ನು ಯಾರೂ ನೆನೆಯುವುದಿಲ್ಲ. ಎಕ್ಟರ್ ಎನ್ರಿಕೆ ಕೊಟ್ಟ ಸಾಧಾರಣ ಪಾಸೊಂದನ್ನು ಮೈದಾನದ ತನ್ನ ಅರ್ಧದಲ್ಲೇ ಪಡೆದ ಮರಡೋನಾ, ಒಂದು ಸುತ್ತು ಹೊರಳಿ, ಬಿಯರ್ಡ್‌ಸ್ಲಿ ಮತ್ತು ರೀಡ್ ನಡುವಿನಿಂದ ಹೊರಬಂದು, ಬುಚರ್‌ನನ್ನು ದಾಟಿ, ಫೆನ್ವಿಕ್‌ನನ್ನು ದಾಟಿ, ಕೊನೆಗೆ ಶಿಲ್ಟನ್‌ನನ್ನು ನೆಲಕ್ಕೆ ಕೆಡವಿ, ಮತ್ತೆ ಬೆನ್ನಟ್ಟಿ ಬಂದ ಬುಚರ್ ಕಾಲು ಚಾಚುತ್ತಿದ್ದಾಗಲೇ ಚೆಂಡನ್ನು ಬಲೆಗೆ ತಳ್ಳಿದ. ಸುಮಾರು 60 ಮೀಟರ್, ಹತ್ತು ಸೆಕೆಂಡು, ಇಡೀ ಹಾದಿಯಲ್ಲಿ ಎಡಗಾಲು ಮಾತ್ರ. ಆ ಓಟದಲ್ಲಿ ಅವನನ್ನು ಬೀಳಿಸಲು ಪ್ರಯತ್ನಗಳಾದವು. ಫೌಲ್‌ಗೆ ವಿಶಲ್ ಊದಲು ತಾನು ಸಿದ್ಧನಾಗಿದ್ದೆ, ಆದರೂ ಅಡ್ವಾಂಟೇಜ್ ಕೊಟ್ಟು ಆಟ ಸಾಗಗೊಟ್ಟೆ, ಅದು ತನ್ನ ಹೆಮ್ಮೆ ಎಂದು ಬಿನ್ ನಾಸರ್ ಹೇಳಿದ್ದಾರೆ. ಅವರು ಅವಸರದಿಂದ ವಿಶಲ್ ಊದಿದ್ದರೆ ಶತಮಾನದ ಗೋಲು ಎನ್ನಿಸಿಕೊಂಡದ್ದು ಒಂದು ಫ್ರೀ ಕಿಕ್ಕಾಗಿ ಮುಗಿಯುತ್ತಿತ್ತು. ಲಿನೆಕರ್ ಇಂಗ್ಲೆಂಡಿಗೆ ಒಂದು ಗೋಲು ಮರಳಿ ತಂದರೂ ಪಂದ್ಯ 2–1. ಒಂದು ವಾರದ ನಂತರ ಪಶ್ಚಿಮ ಜರ್ಮನಿಯನ್ನು 3–2ರಿಂದ ಸೋಲಿಸಿ ಅರ್ಜೆಂಟೀನಾ ಕಪ್ ಎತ್ತಿತು. ಆ ವಿಶ್ವಕಪ್‌ನಲ್ಲಿ ಮರಡೋನಾ ಐದು ಗೋಲು ಹೊಡೆದ, ಐದು ಗೋಲುಗಳಿಗೆ ಪಾಸು ಕೊಟ್ಟ.

ಅಡ್ವಾಂಟೇಜ್ ನಿಯಮವನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಮುಂದಿನ ಮಾತೆಲ್ಲ ಅದರ ಮೇಲೆ ನಿಂತಿದೆ. ಫೌಲ್ ಆಗಿದೆ ಎಂದು ರೆಫರಿಗೆ ಗೊತ್ತಿದ್ದರೂ, ಆಟ ನಿಲ್ಲಿಸಿದರೆ ಫೌಲ್‌ಗೆ ಒಳಗಾದವನಿಗೇ ನಷ್ಟವಾಗುತ್ತದೆ ಎಂದಾದರೆ, ಎರಡೂ ಕೈ ಮುಂದಕ್ಕೆ ಚಾಚಿ ಆಟ ಸಾಗಲಿ ಎಂದು ಸೂಚಿಸಬೇಕು. ಕೆಲವು ಕ್ಷಣಗಳಲ್ಲಿ ಆ ಲಾಭ ಅವನಿಗೆ ಸಿಗದಿದ್ದರೆ ಹಿಂದಿರುಗಿ ಅದೇ ಫೌಲ್‌ಗೆ ವಿಶಲ್ ಊದಬಹುದು. ಅಂದರೆ ಅಡ್ವಾಂಟೇಜ್ ಇರುವುದು ಪೆಟ್ಟು ತಿಂದವನಿಗಾಗಿ. ಮರಡೋನಾನ ಆಟ ಮತ್ತು ಬದುಕನ್ನು ಒಟ್ಟಿಗೆ ಇಟ್ಟು ನೋಡಿದಾಗ ನನಗೆ ಕಾಣುವುದು ಇದು: ಅವನು ಪೆಟ್ಟು ತಿನ್ನುತ್ತಿದ್ದಾಗ ರೆಫರಿಗಳು ಸುಮ್ಮನಿದ್ದರು; ಅವನು ಪೆಟ್ಟು ಕೊಡತೊಡಗಿದಾಗ ಉಳಿದವರೆಲ್ಲ ಅಡ್ವಾಂಟೇಜ್ ಕೊಟ್ಟರು.

ಮೊದಲನೆಯದು ಮೊದಲು. 1960ರ ಅಕ್ಟೋಬರ್ 30ರಂದು ಹುಟ್ಟಿದ ಅವನು ಬೆಳೆದದ್ದು ಬ್ಯೂನಸ್ ಐರಿಸ್‌ನ ದಕ್ಷಿಣ ಅಂಚಿನ ವಿಲ್ಲಾ ಫಿಯೊರಿಟೊ ಎಂಬ ಬಡವರ ಬಡಾವಣೆಯಲ್ಲಿ. ಎಂಟು ಮಕ್ಕಳಲ್ಲಿ ಮೊದಲ ಗಂಡು ಮಗು ಅವನು. ತಂದೆ ಎಲುಬು ಅರೆಯುವ ಕಾರ್ಖಾನೆಯ ಕೂಲಿ. ಅರ್ಜೆಂಟೀನೋಸ್ ಜೂನಿಯರ್ಸ್ ಕ್ಲಬ್‌ನ ಕಿರಿಯರ ತಂಡಕ್ಕೆ ಪರೀಕ್ಷೆ ಕೊಡಲು ಬಂದಾಗ ಅವನ ಆಟ ನೋಡಿದ ತರಬೇತುದಾರ ಫ್ರಾನ್ಸಿಸ್ಕೊ ಕೊರ್ನೆಹೊ ಈ ಹುಡುಗ ವಯಸ್ಸು ಮುಚ್ಚಿಟ್ಟಿದ್ದಾನೆ ಎಂದು ಅನುಮಾನಿಸಿ ದಾಖಲೆ ಕೇಳಿದ್ದರು. 16 ತುಂಬಲು ಹತ್ತು ದಿನ ಇರುವಾಗ, 1976ರ ಅಕ್ಟೋಬರ್ 20ರಂದು, ಮೊದಲ ದರ್ಜೆಯ ಪಂದ್ಯಕ್ಕೆ ಇಳಿದ. ಇಳಿದ ಕೆಲವೇ ಕ್ಷಣಗಳಲ್ಲಿ ಎದುರಾಳಿಯ ಎರಡು ಕಾಲುಗಳ ನಡುವಿನಿಂದ ಚೆಂಡು ತೂರಿಸಿದ. 1978ರ ವಿಶ್ವಕಪ್‌ಗೆ ಎಳೆಯವನೆಂದು ಕೋಚ್ ಮೆನೊಟ್ಟಿ ಕೈಬಿಟ್ಟದ್ದನ್ನು ಅವನು ಬಹುಕಾಲ ಮರೆಯಲಿಲ್ಲ.

1982ರ ಸ್ಪೇನ್ ವಿಶ್ವಕಪ್‌ನಲ್ಲಿ ಇಟಲಿಯ ಕ್ಲಾಡಿಯೊ ಜೆಂಟೀಲೆ ಒಂದೇ ಪಂದ್ಯದಲ್ಲಿ ಅವನ ಅಂಗಿ ಎಳೆದು, ಹಿಮ್ಮಡಿಗೆ ಒದ್ದು, ಬೆನ್ನಿಗೆ ಮೊಣಕಾಲು ಕೊಟ್ಟ ದೃಶ್ಯಗಳನ್ನು ನಾನು ನನ್ನ ಶಾಲೆಯ ಮಕ್ಕಳಿಗೆ ತೋರಿಸುತ್ತೇನೆ. ಆ ಪಂದ್ಯದಲ್ಲಿ ಅವನ ಮೇಲೆ 23 ಫೌಲ್‌ಗಳಾದವೆಂಬ ಲೆಕ್ಕ ಪ್ರಸಿದ್ಧ. ಜೆಂಟೀಲೆ ಕೊನೆಯವರೆಗೂ ಮೈದಾನದಲ್ಲೇ ಇದ್ದ. ಮುಂದಿನ ಪಂದ್ಯದಲ್ಲಿ ತಾಳ್ಮೆ ಕಳೆದುಕೊಂಡು ಬ್ರೆಜಿಲಿನ ಬತಿಸ್ತಾನಿಗೆ ಒದ್ದ ಮರಡೋನಾನಿಗೆ ಮಾತ್ರ ಕೆಂಪು ಕಾರ್ಡ್ ಬಂತು. ಸ್ಪೇನಿನ ಬಾರ್ಸಿಲೋನಾ ಕ್ಲಬ್ಬಿಗೆ ವಿಶ್ವದಾಖಲೆಯ ಬೆಲೆಗೆ ಹೋದ ಮೇಲೆ, 1983ರ ಸೆಪ್ಟೆಂಬರ್‌ನಲ್ಲಿ ಅಥ್ಲೆಟಿಕ್ ಬಿಲ್ಬಾವೊ ತಂಡದ ಗೊಯ್ಕೊಚಿಯಾ ಹಿಂದಿನಿಂದ ಬಂದು ಅವನ ಎಡ ಪಾದದ ಗಂಟು ಮುರಿದ. ಮರುವರ್ಷದ ಮೇ ತಿಂಗಳಲ್ಲಿ ಅದೇ ತಂಡದೆದುರು ಸ್ಪೇನಿನ ಕೋಪಾ ಡೆಲ್ ರೇ ಪಂದ್ಯಾವಳಿಯ ಫೈನಲ್ ಸೋತಾಗ, ದೊರೆ ಹುವಾನ್ ಕಾರ್ಲೋಸ್ ನೋಡುತ್ತಿದ್ದಂತೆಯೇ, ಮರಡೋನಾ ಮೈದಾನದ ನಡುವೆ ಮೊಣಕೈ, ಮೊಣಕಾಲು, ತಲೆ ಎಲ್ಲವನ್ನೂ ಬಳಸಿ ಬಡಿದಾಡಿದ. ಆ ಹೊಡೆದಾಟವನ್ನು ಸಮರ್ಥಿಸಲಾರೆ. ಆದರೆ ಹಿಂದಿನಿಂದ ಕಾಲು ಕತ್ತರಿಸುವ ಟ್ಯಾಕಲ್‌ಗೆ ನೇರ ಕೆಂಪು ಕಾರ್ಡ್ ಎಂಬ ಕಟ್ಟುನಿಟ್ಟು ಬಂದದ್ದು 1990ರ ದಶಕದಲ್ಲಿ. ಅದು ಹತ್ತು ವರ್ಷ ಮೊದಲೇ ಬಂದಿದ್ದರೆ ಈ ಮನುಷ್ಯ ರೆಫರಿಗಳನ್ನು ನಂಬುತ್ತಿದ್ದನೇನೋ. ಯಾರೂ ತನ್ನನ್ನು ಕಾಯುವುದಿಲ್ಲ ಎಂದು ಖಚಿತವಾದವನು ನಿಯಮವನ್ನು ತನ್ನದೆಂದು ಭಾವಿಸುವುದು ಕಷ್ಟ. ಒರಟು ಆಟಕ್ಕೆ ವಿಶಲ್ ಊದದ ಪ್ರತಿ ಪಂದ್ಯದಲ್ಲೂ ಸಣ್ಣ ಹುಡುಗರ ಮುಖದಲ್ಲಿ ಇದನ್ನು ನಾನು ಕಂಡಿದ್ದೇನೆ.

1984ರ ಜುಲೈ 5ರಂದು ನೇಪಲ್ಸ್‌ನ ಸಾನ್ ಪಾವ್ಲೊ ಕ್ರೀಡಾಂಗಣದಲ್ಲಿ, ಪಂದ್ಯವೇ ಇಲ್ಲದ ದಿನ, ಅವನನ್ನು ನೋಡುವುದಕ್ಕೆಂದೇ ಸುಮಾರು 75,000 ಮಂದಿ ಸೇರಿದ್ದರು. ಇಟಲಿಯ ಈ ಊರಿನ ತಂಡ ಅವನನ್ನು ಬಾರ್ಸಿಲೋನಾದಿಂದ ಕೊಂಡಿತ್ತು, ಮತ್ತೆ ವಿಶ್ವದಾಖಲೆಯ ಬೆಲೆಗೆ. ಉತ್ತರದ ಶ್ರೀಮಂತ ಊರುಗಳಾದ ಟ್ಯೂರಿನ್, ಮಿಲಾನ್‌ಗಳಿಗೆ ಆಡಲು ಹೋದಾಗ ನೇಪಲ್ಸ್‌ನವರನ್ನು ಕಾಲರಾ ರೋಗಿಗಳೆಂದು ಹಾಡು ಕಟ್ಟಿ ಹಂಗಿಸುತ್ತಿದ್ದ ಕಾಲ ಅದು. ಅಲ್ಲಿಯವರೆಗೆ ಆ ಊರಿನ ತಂಡ ಒಮ್ಮೆಯೂ ಇಟಲಿಯ ಲೀಗ್ ಗೆದ್ದಿರಲಿಲ್ಲ. 1987ರಲ್ಲಿ ಗೆದ್ದಿತು, 1990ರಲ್ಲಿ ಮತ್ತೊಮ್ಮೆ, ನಡುವೆ 1989ರಲ್ಲಿ ಯುರೋಪಿನ ಕ್ಲಬ್‌ಗಳ ಯುಇಎಫ್‌ಎ ಕಪ್. ಮೊದಲ ಗೆಲುವಿನ ಸಂಭ್ರಮದಲ್ಲಿ ಯಾರೋ ಸ್ಮಶಾನದ ಗೋಡೆಯ ಮೇಲೆ, ಒಳಗೆ ಮಲಗಿದವರನ್ನು ಉದ್ದೇಶಿಸಿ, ನೀವು ಏನನ್ನು ಕಳೆದುಕೊಂಡಿರಿ ಎಂಬುದು ನಿಮಗೆ ಗೊತ್ತಿಲ್ಲ ಎಂದು ಬರೆದಿದ್ದರಂತೆ. ಕೊಡಗಿನಲ್ಲಿ ಕುಳಿತು ಇದನ್ನು ಓದುವವನಿಗೆ ಬಿಡಿಸಿ ಹೇಳಬೇಕಾಗಿಲ್ಲ. ಗುರುಕಾರಣರಿಗೆ, ಅಂದರೆ ಕುಲದ ಹಿರಿಯರಿಗೆ, ಎಡೆ ಇಡುವಾಗ ನಾವೂ ಮನೆಯ ಸುದ್ದಿಯನ್ನು ಅವರಿಗೆ ಹೇಳುತ್ತೇವೆ.

ನಾನು ಅವನ ಆಟವನ್ನು ಮೊದಲು ಕಂಡದ್ದು ಆ ನೇಪಲ್ಸ್‌ನಲ್ಲಿಯೇ, 1990ರ ಜುಲೈ 3ರ ರಾತ್ರಿ ಹನ್ನೊಂದೂವರೆಗೆ ಆರಂಭವಾದ ಇಟಲಿ–ಅರ್ಜೆಂಟೀನಾ ಸೆಮಿಫೈನಲ್‌ನಲ್ಲಿ. ನನಗೆ ಆಗ 14. ತಂದೆ ತೋಟವೊಂದರಲ್ಲಿ ರೈಟರ್ ಆಗಿದ್ದರು. ಆರಿದ್ರಾ ಮಳೆಗೆ ಬಿದ್ದ ಮರಗಳಿಂದ ನಾಲ್ಕು ದಿನಗಳಿಂದ ಕರೆಂಟ್ ಇರಲಿಲ್ಲ. ಸಾಹುಕಾರರು ತಮ್ಮ ಜೀಪಿನ ಬ್ಯಾಟರಿ ಬಿಚ್ಚಿಸಿ ಸಣ್ಣ ಕಪ್ಪುಬಿಳುಪು ಟಿವಿಗೆ ಜೋಡಿಸಿ, ಕಣದ ಪಕ್ಕದ ಗೋದಾಮಿನಲ್ಲಿ ಎಲ್ಲರಿಗೂ ನೋಡಲು ಬಿಟ್ಟಿದ್ದರು. ಕಾಫಿ ಮೂಟೆಗಳ ಮೇಲೆ ಕಂಬಳಿ ಹೊದ್ದು ಕುಳಿತ ಇಪ್ಪತ್ತು ಮಂದಿಯಲ್ಲಿ ಹದಿನೆಂಟು ಮಂದಿ ಅರ್ಜೆಂಟೀನಾದವರು. ಪಂದ್ಯಕ್ಕೆ ಮೊದಲು ಮರಡೋನಾ ನೇಪಲ್ಸ್ ಜನರನ್ನು ಕುರಿತು, ವರ್ಷದ 364 ದಿನ ನಿಮ್ಮನ್ನು ಹೊರಗಿನವರಂತೆ ಕಾಣುವ ಇಟಲಿ ಈ ಒಂದು ದಿನ ಮಾತ್ರ ನಿಮ್ಮ ಬೆಂಬಲ ಬೇಡುತ್ತಿದೆ ಎಂಬರ್ಥದ ಮಾತಾಡಿ ಇಡೀ ದೇಶವನ್ನು ಕೆರಳಿಸಿದ್ದ ಎಂಬುದು ನಮಗಾರಿಗೂ ಗೊತ್ತಿರಲಿಲ್ಲ. ಸ್ಕಿಲಾಚಿ ಗೋಲು ಹೊಡೆದ, ಕನಿಗಿಯಾ ಸಮ ಮಾಡಿದ, ಪಂದ್ಯ ಪೆನಾಲ್ಟಿಗೆ ಹೋಯಿತು, ಮತ್ತು ಮರಡೋನಾ ತನ್ನ ಪೆನಾಲ್ಟಿಗೆ ಬರುವ ಮೊದಲೇ ಬ್ಯಾಟರಿ ಸೋತು ಪರದೆ ಒಂದು ಚುಕ್ಕಿಯಾಗಿ ಆರಿಹೋಯಿತು. ಅವನು ಗೋಲು ಹೊಡೆದದ್ದನ್ನೂ ಅರ್ಜೆಂಟೀನಾ ಗೆದ್ದದ್ದನ್ನೂ ಮರುದಿನ ಬೆಳಿಗ್ಗೆ ರೇಡಿಯೊದಲ್ಲಿ ಕೇಳಿದೆವು. ಜೀಪು ಎರಡು ದಿನ ಸ್ಟಾರ್ಟ್ ಆಗಲಿಲ್ಲ.

ಅದೇ ವಿಶ್ವಕಪ್‌ನಲ್ಲಿ ಸೋವಿಯತ್ ಒಕ್ಕೂಟದೆದುರು, ತನ್ನದೇ ಗೋಲಿನ ಬಾಯಲ್ಲಿ, ಅವನು ಮತ್ತೊಮ್ಮೆ ಕೈಯಿಂದ ಚೆಂಡು ತಡೆದಿದ್ದ. ಹತ್ತಿರದಲ್ಲೇ ಇದ್ದ ಸ್ವೀಡನ್‌ನ ರೆಫರಿ ಫ್ರೆಡ್ರಿಕ್ಸನ್ ಪೆನಾಲ್ಟಿ ಕೊಡಲಿಲ್ಲ. ಈ ಎರಡನೆಯ ಕೈಯನ್ನು ಜಗತ್ತು ಮರೆತದ್ದೇಕೆ? ಅದರ ಹಿಂದೆಯೇ ಶತಮಾನದ ಗೋಲು ಬರಲಿಲ್ಲ, ಅಷ್ಟೆ.

ಇನ್ನು ಎರಡನೆಯದು. ನೇಪಲ್ಸ್‌ನಲ್ಲಿ ಅವನಿಗೆ ಯಾವುದಕ್ಕೂ ಯಾರೂ ವಿಶಲ್ ಊದಲಿಲ್ಲ. ಬಾರ್ಸಿಲೋನಾದಲ್ಲಿ ಆರಂಭವಾದ ಕೊಕೇನ್ ಚಟ ಅಲ್ಲಿ ಬೇರೂರಿತು. ಕಮೋರಾ ಎಂಬ ಅಲ್ಲಿನ ಭೂಗತ ಜಾಲದ ಗಿಯುಲಿಯಾನೊ ಕುಟುಂಬದವರ ಜೊತೆಗಿನ ಅವನ ಫೋಟೋಗಳು ಪತ್ರಿಕೆಗಳಲ್ಲಿ ಬಂದವು. ಭಾನುವಾರ ಪಂದ್ಯ ಆಡಿ ಅಂದಿನ ರಾತ್ರಿಯಿಂದ ಬುಧವಾರದವರೆಗೆ ಅಮಲಿನಲ್ಲಿದ್ದು, ಮತ್ತೆ ಭಾನುವಾರದ ಹೊತ್ತಿಗೆ ಮೈ ಶುದ್ಧ ಮಾಡಿಕೊಳ್ಳುವುದು ಅವನ ವಾರದ ಕ್ರಮವಾಗಿತ್ತು. ಮದ್ದಿನ ಪರೀಕ್ಷೆಯಲ್ಲಿ ಸಿಕ್ಕಿಬೀಳದಂತೆ ಬೇರೆಯವರ ಮೂತ್ರ ಕೊಡುವ ಉಪಾಯಗಳು ನಡೆಯುತ್ತಿದ್ದವೆಂದು ಕ್ಲಬ್‌ನ ಅಧ್ಯಕ್ಷರಾಗಿದ್ದ ಕೊರಾಡೊ ಫೆರ್ಲೈನೊ ಎಷ್ಟೋ ವರ್ಷಗಳ ನಂತರ ಬಾಯಿಬಿಟ್ಟರು. ನನ್ನ ದೃಷ್ಟಿಯಲ್ಲಿ ಅಜ್ಟೆಕಾದ ಕೈಗಿಂತ ಕೆಟ್ಟ ಮೋಸ ಇದು, ಮತ್ತು ಇದರಲ್ಲಿ ಮೋಸ ಹೋದವನು ಮರಡೋನಾ. ಕಪ್ ಬರುತ್ತಿರುವವರೆಗೆ ಆಟ ಸಾಗಲಿ ಎಂದವರು ರೋಗಿಯನ್ನು ಆಸ್ಪತ್ರೆಗೆ ಕಳಿಸುವ ಬದಲು ಮೈದಾನಕ್ಕೆ ಕಳಿಸುತ್ತಿದ್ದರು. ಇಟಲಿಯನ್ನು ವಿಶ್ವಕಪ್‌ನಿಂದ ಹೊರಹಾಕಿದ ಮೇಲೆ ಆ ರಕ್ಷಣೆ ಕಳಚಿತು; 1991ರ ಮಾರ್ಚ್ 17ರಂದು ಬಾರಿ ತಂಡದೆದುರಿನ ಪಂದ್ಯದ ನಂತರದ ಪರೀಕ್ಷೆಯಲ್ಲಿ ಕೊಕೇನ್ ಪತ್ತೆಯಾಗಿ 15 ತಿಂಗಳ ನಿಷೇಧ ಬಂತು. ಅದು ನ್ಯಾಯವೇ. ಆದರೆ ಏಳು ವರ್ಷ ಕಾಣದ ಕಣ್ಣಿಗೆ ಅಂದು ಒಮ್ಮೆಗೇ ಹೇಗೆ ಕಂಡಿತು ಎಂದು ನೇಪಲ್ಸ್‌ನವರು ಇಂದಿಗೂ ಕೇಳುವುದರಲ್ಲಿ ಅರ್ಥವಿದೆ.

1994ರ ಅಮೆರಿಕ ವಿಶ್ವಕಪ್ ಹೊತ್ತಿಗೆ ನಾನು ಕಾಲೇಜಿನಲ್ಲಿದ್ದೆ. ಗ್ರೀಸ್ ವಿರುದ್ಧ ಗೋಲು ಹೊಡೆದು ಕ್ಯಾಮೆರಾದ ಕಡೆ ಕಣ್ಣರಳಿಸಿ ಅರಚಿಕೊಂಡು ಬಂದ ಆ ಮುಖವನ್ನು ಕಂಡು ಹಾಸ್ಟೆಲಿನಲ್ಲಿ ನಾವೆಲ್ಲ ಕುಣಿದೆವು. ನೈಜೀರಿಯಾ ಪಂದ್ಯದ ನಂತರ ಬಿಳಿ ಉಡುಪಿನ ದಾದಿಯೊಬ್ಬರು ಕೈ ಹಿಡಿದು ಅವನನ್ನು ಮೈದಾನದಿಂದ ಪರೀಕ್ಷೆಗೆ ಕರೆದೊಯ್ದರು. ಅವನು ನಗುತ್ತಲೇ ಹೋದ. ಎಫಿಡ್ರಿನ್ ಎಂಬ ನಿಷೇಧಿತ ಉತ್ತೇಜಕ ಪತ್ತೆಯಾಯಿತು. ತನಗೆ ತಿಳಿಯದೆ ಅದು ದೇಹ ಸೇರಿತೆಂಬುದು ಅವನ ವಾದ. ನನ್ನ ಕಾಲುಗಳನ್ನು ಕತ್ತರಿಸಿದರು ಎಂಬುದು ಅವನ ಅಳಲು. ಅಲ್ಲಿಗೆ 91 ಪಂದ್ಯ, 34 ಗೋಲುಗಳ ಅಂತರರಾಷ್ಟ್ರೀಯ ಬದುಕು ಮುಗಿಯಿತು. ಅದೇ ವರ್ಷ ಮನೆಯ ಮುಂದೆ ನೆರೆದಿದ್ದ ಪತ್ರಕರ್ತರ ಮೇಲೆ ಏರ್ ರೈಫಲ್‌ನಿಂದ ಗುಂಡು ಹಾರಿಸಿದ್ದೂ ನಡೆದಿತ್ತು. ಅಮಾನತಿನಲ್ಲಿಟ್ಟ ಜೈಲು ಶಿಕ್ಷೆಯಾಯಿತು, ಜೈಲಿಗೆ ಹೋಗಲಿಲ್ಲ.

ಅಭಿಮಾನಿಗಳು ಬೇಸರಪಟ್ಟುಕೊಂಡರೂ ಒಂದು ವಿಷಯವನ್ನು ಹೇಳದೆ ಮುಂದೆ ಹೋಗಲಾರೆ. ಕೈಯಿಂದ ಹೊಡೆದ ಗೋಲಿನ ಬೆಲೆಯನ್ನು ತೆತ್ತವರು ಹನ್ನೊಂದು ಮಂದಿ ವೃತ್ತಿಪರ ಆಟಗಾರರು, ಇಬ್ಬರು ಅಧಿಕಾರಿಗಳು. ಕೊಕೇನ್‌ನ ಬೆಲೆಯನ್ನು ಮುಖ್ಯವಾಗಿ ಅವನೇ ತೆತ್ತ. ಆದರೆ 1986ರಲ್ಲಿ, ಅವನು ವಿಶ್ವಕಪ್ ಎತ್ತಿದ ಕೆಲವೇ ತಿಂಗಳಲ್ಲಿ, ನೇಪಲ್ಸ್‌ನಲ್ಲಿ ಹುಟ್ಟಿ ಅವನದೇ ಹೆಸರಿಟ್ಟುಕೊಂಡ ಮಗುವನ್ನು ತನ್ನದೆಂದು ಒಪ್ಪಲು ಅವನಿಗೆ ಸುಮಾರು ಮೂವತ್ತು ವರ್ಷ ಹಿಡಿಯಿತು. ನಡುವೆ ನ್ಯಾಯಾಲಯ ತೀರ್ಪು ಕೊಟ್ಟಿದ್ದರೂ ಅವನು ಮುಖ ತಿರುಗಿಸಿಯೇ ಇದ್ದ. ಅವನ ಸಂಗಾತಿಯಾಗಿದ್ದವರೊಬ್ಬರ ಮೇಲೆ ಅವನು ಕೈಮಾಡಿದನೆನ್ನುವ ವಿಡಿಯೊ 2014ರಲ್ಲಿ ಹೊರಬಂತು. ಹೊಡೆಯಲಿಲ್ಲವೆಂದು ಅವನು ಹೇಳಿದ. ಅವನು ತೀರಿಕೊಂಡ ಮರುವರ್ಷ ಕ್ಯೂಬಾ ಮೂಲದ ಮಹಿಳೆಯೊಬ್ಬರು, ಅವನು ಅಲ್ಲಿ ಚಿಕಿತ್ಸೆಯಲ್ಲಿದ್ದಾಗ, ತಾವಿನ್ನೂ 16ರ ಹುಡುಗಿಯಾಗಿದ್ದಾಗ, ತಮ್ಮ ಮೇಲೆ ಅತ್ಯಾಚಾರ ನಡೆಯಿತೆಂದು ಆರೋಪಿಸಿದರು. ಉತ್ತರಿಸಲು ಅವನಿರಲಿಲ್ಲ, ಆರೋಪ ನ್ಯಾಯಾಲಯದ ತೀರ್ಪಿಲ್ಲದೆ ಹಾಗೆಯೇ ಉಳಿದಿದೆ. ಅವನು ಸತ್ತ ವಾರ ಸ್ಪೇನಿನ ಆಟಗಾರ್ತಿ ಪೌಲಾ ಡಪೇನಾ, ಮೌನಾಚರಣೆಯ ಹೊತ್ತಿನಲ್ಲಿ ಎಲ್ಲರೂ ಸಾಲಾಗಿ ನಿಂತಿರುವಾಗ, ಬೆನ್ನು ತಿರುಗಿಸಿ ನೆಲದ ಮೇಲೆ ಕುಳಿತದ್ದು ನೆನಪಾಗುತ್ತದೆ. ಆ ಫೋಟೊ ನೋಡಿದಾಗ ನನಗೆ ಕೋಪ ಬಂದಿತ್ತು. ಈಗ ಬರುವುದಿಲ್ಲ. ನಮ್ಮ ಅಂಗಡಿ ಮಾತಿನಲ್ಲಿ ಈ ಪ್ರಕರಣಗಳೆಲ್ಲ "ವೈಯಕ್ತಿಕ ಬದುಕು" ಎಂಬ ಒಂದು ಪದದಲ್ಲಿ ಮುಗಿದುಹೋಗುತ್ತವೆ, ದೇವರ ಕೈ ಬಗ್ಗೆ ಮಾತ್ರ ಬೆಳಗಿನವರೆಗೆ ವಾದ ನಡೆಯುತ್ತದೆ. ಪೆಟ್ಟು ತಿಂದವರ ಕಡೆಯಿಂದ ನೋಡಿದರೆ ಈ ತೂಕ ತಲೆಕೆಳಗಾಗಿದೆ.

ಉಳಿದ ವಿವಾದಗಳ ಮೇಲೆ ನನಗೆ ಅಷ್ಟು ಆಸಕ್ತಿಯಿಲ್ಲ. ಇಟಲಿಯ ತೆರಿಗೆಯವರು ಕೋಟ್ಯಂತರ ಯೂರೊ ಬಾಕಿಯೆಂದು ಅವನ ಕಿವಿಯ ಓಲೆಯನ್ನೂ ಕಿತ್ತುಕೊಂಡರು; 2024ರಲ್ಲಿ, ಅವನು ಇಲ್ಲವಾದ ಮೇಲೆ, ಅಲ್ಲಿನ ಉನ್ನತ ನ್ಯಾಯಾಲಯ ಆ ಮೊಕದ್ದಮೆಯಲ್ಲಿ ಅವನ ಪರವಾಗಿ ತೀರ್ಪು ಕೊಟ್ಟಿತು. ಫಿದೆಲ್ ಕ್ಯಾಸ್ಟ್ರೊ ಗೆಳೆತನ, ಕಾಲಿನ ಮೇಲೆ ಅವರ ಹಚ್ಚೆ, ತೋಳಿನ ಮೇಲೆ ಚೆ ಗೆವಾರ ಹಚ್ಚೆ, ಇವುಗಳಿಂದ ಯಾರಿಗೂ ಗಾಯವಾಗಲಿಲ್ಲ. 2000ದಲ್ಲಿ ಶತಮಾನದ ಆಟಗಾರನ ಪಟ್ಟವನ್ನು ಅವನಿಗೂ ಪೆಲೆಗೂ ಹಂಚಿದ ಫಿಫಾದ ಜಾಣತನದ ಬಗ್ಗೆ ಬೇಕಾದಷ್ಟು ಜನ ಬರೆದಿದ್ದಾರೆ. ಕೋಚ್ ಆಗಿ ಬೊಲಿವಿಯಾದೆದುರು 6–1, ವಿಶ್ವಕಪ್‌ನಲ್ಲಿ ಜರ್ಮನಿಯೆದುರು 4–0 ಸೋತ. ಆಡುವುದು ಬೇರೆ, ಆಡಿಸುವುದು ಬೇರೆ.

2012ರ ಅಕ್ಟೋಬರ್‌ನಲ್ಲಿ ಅವನು ಕಣ್ಣೂರಿಗೆ ಬಂದ, ಚಿನ್ನದ ಅಂಗಡಿಯೊಂದರ ಉದ್ಘಾಟನೆಗೆ. ಕಾಕಾ ತಮ್ಮ ಅಂಗಡಿಗೆ ಬೀಗ ಹಾಕಿ ನನ್ನನ್ನು ಎಬ್ಬಿಸಿಕೊಂಡು ಹೊರಟರು. ಅವರ ಅಂಗಡಿಗೆ ಬೀಗ ಬಿದ್ದದ್ದನ್ನು ಪೆರುನಾಳ್ (ಈದ್) ಹೊರತಾಗಿ ನಾನು ಕಂಡದ್ದು ಅದೊಂದೇ ಸಲ. ವಿರಾಜಪೇಟೆಯಿಂದ ಪೆರುಂಬಾಡಿ, ಮಾಕುಟ್ಟ ಘಾಟಿ, ಇರಿಟ್ಟಿ ದಾಟಿ ಕಣ್ಣೂರು ತಲುಪುವಾಗ ಬಸ್ಸಿನ ಮೇಲೂ ಜನರಿದ್ದರು. ಮೈದಾನದಲ್ಲಿ ತುಂಬಾ ದೂರದಿಂದ ಕಂಡದ್ದು ಗಿಡ್ಡನೆಯ, ದಪ್ಪನೆಯ, ನಡಿಗೆಯಲ್ಲಿ ಸ್ವಲ್ಪ ವಾಲುವ ಮನುಷ್ಯ. ಮಾತು ಯಾರಿಗೂ ಕೇಳಿಸಲಿಲ್ಲ. ಆಮೇಲೆ ಕೇರಳದ ಫುಟ್‌ಬಾಲ್ ಆಟಗಾರ ಐ.ಎಂ. ವಿಜಯನ್ ಜೊತೆ ಚೆಂಡು ತಟ್ಟಲು ನಿಂತ. ಕಾಕಾ ನನ್ನ ಭುಜ ಅದುಮಿ, "ಮೇಷ್ಟ್ರೇ, ಹೊಟ್ಟೆ ನೋಡಬೇಡಿ, ಕಾಲು ನೋಡಿ" ಎಂದರು. ನೋಡಿದೆ. ಚೆಂಡು ಆ ಎಡಗಾಲಿಗೆ ತಾಗಿದಾಗ ಉಳಿದವರ ಕಾಲಿನಿಂದ ಬರುವ ಸದ್ದು ಬರುವುದಿಲ್ಲವೇನೋ ಎನ್ನಿಸಿತು. ಅಷ್ಟು ಗದ್ದಲದಲ್ಲಿ ನನಗೆ ಯಾವ ಸದ್ದೂ ಕೇಳಿಸಿರಲಾರದು ಎಂಬುದೂ ನಿಜ.

2020ರ ನವೆಂಬರ್ 25ರಂದು, ಮಿದುಳಿನ ಶಸ್ತ್ರಚಿಕಿತ್ಸೆಯಾಗಿ ಕೆಲವೇ ವಾರಗಳಲ್ಲಿ, 60ನೆಯ ವಯಸ್ಸಿನಲ್ಲಿ ಅವನು ಬ್ಯೂನಸ್ ಐರಿಸ್ ಸಮೀಪದ ಬಾಡಿಗೆ ಮನೆಯೊಂದರಲ್ಲಿ ಸತ್ತ. ಅಧ್ಯಕ್ಷರ ಅರಮನೆಯಲ್ಲಿ ಶವ ಇಟ್ಟರು, ಮೂರು ದಿನ ಶೋಕಾಚರಣೆಯಾಯಿತು, ಸಾನ್ ಪಾವ್ಲೊ ಕ್ರೀಡಾಂಗಣಕ್ಕೆ ಅವನ ಹೆಸರು ಬಂತು. ಕೊನೆಯ ದಿನಗಳಲ್ಲಿ ಅವನನ್ನು ಸರಿಯಾಗಿ ನೋಡಿಕೊಳ್ಳಲಿಲ್ಲವೆಂದು ವೈದ್ಯರು ಮತ್ತು ದಾದಿಯರ ಮೇಲೆ ಮೊಕದ್ದಮೆ ಹೂಡಿ 2025ರ ಮಾರ್ಚ್‌ನಲ್ಲಿ ವಿಚಾರಣೆ ಆರಂಭವಾಯಿತು. ಎರಡೇ ತಿಂಗಳಲ್ಲಿ ಅದು ರದ್ದಾಯಿತು: ಪೀಠದಲ್ಲಿದ್ದ ನ್ಯಾಯಾಧೀಶೆಯೊಬ್ಬರು ಅದೇ ವಿಚಾರಣೆಯ ಕುರಿತ ಸಾಕ್ಷ್ಯಚಿತ್ರವೊಂದರಲ್ಲಿ ಭಾಗವಹಿಸಿದ್ದು ಬಯಲಾಗಿತ್ತು. ವಿಚಾರಣೆಯನ್ನು ಮೊದಲಿನಿಂದ ನಡೆಸಬೇಕೆಂದು ತೀರ್ಮಾನವಾಯಿತು. ಸತ್ತ ಮೇಲೂ ಅವನ ಪಾಲಿಗೆ ಒಳ್ಳೆಯ ರೆಫರಿ ಸಿಗಲಿಲ್ಲ.

ಅಜ್ಟೆಕಾದ ವಸ್ತುಗಳಿಗೆ ಮಾತ್ರ ಬೆಲೆ ಬಂತು. 2022ರಲ್ಲಿ ಹಾಡ್ಜ್ ತನ್ನ ಬಳಿಯಿದ್ದ ಮರಡೋನಾನ ಅಂಗಿಯನ್ನು ಹರಾಜಿಗಿಟ್ಟಾಗ ಅದು ಸುಮಾರು 71 ಲಕ್ಷ ಪೌಂಡ್‌ಗೆ ಹೋಯಿತು. ಅದೇ ವರ್ಷ ಬಿನ್ ನಾಸರ್ ತಾವು ಇಟ್ಟುಕೊಂಡಿದ್ದ ಪಂದ್ಯದ ಚೆಂಡನ್ನು ಸುಮಾರು 20 ಲಕ್ಷ ಪೌಂಡ್‌ಗೆ ಮಾರಿದರು. ಅದಕ್ಕೂ ಮೊದಲು, 2015ರಲ್ಲಿ, ಮರಡೋನಾ ಟ್ಯುನೀಷಿಯಾದಲ್ಲಿ ಬಿನ್ ನಾಸರ್ ಅವರ ಮನೆಗೆ ಹೋಗಿ, ತಬ್ಬಿಕೊಂಡು, ತನ್ನ ಶಾಶ್ವತ ಗೆಳೆಯ ಎಂದು ಬರೆದ ಅಂಗಿಯನ್ನು ಕೊಟ್ಟು ಬಂದಿದ್ದ. ಶಿಲ್ಟನ್ ಮನೆಗೆ ಅವನು ಹೋಗಲಿಲ್ಲ, ಶಿಲ್ಟನ್ ಕ್ಷಮಿಸಲೂ ಇಲ್ಲ. ಎಂದೂ ಕ್ಷಮೆ ಕೇಳದವನನ್ನು ಕ್ಷಮಿಸುವುದು ಹೇಗೆ ಎಂಬ ಆ ಗೋಲ್‌ಕೀಪರನ ಪಟ್ಟು ಹಟಮಾರಿತನವೆಂದು ಮೊದಲು ನನಗೆ ಅನ್ನಿಸುತ್ತಿತ್ತು.

2003ರ ಆ ಫೈನಲ್‌ನ ಗೋಲ್‌ಕೀಪರ್ ಈಗ ನಮ್ಮ ಪೇಟೆಯಲ್ಲಿ ಪಿಕಪ್ ಓಡಿಸುತ್ತಾನೆ. ಕಳೆದ ಕೊಯ್ಲಿನಲ್ಲಿ ನಮ್ಮ ನಾಲ್ಕು ಮೂಟೆ ಕಾಫಿಯನ್ನು ಕ್ಯೂರಿಂಗ್‌ಗೆ ಸಾಗಿಸಲು ಬಂದಿದ್ದ. ಹಗ್ಗ ಬಿಗಿಯುತ್ತ, ನನ್ನ ಕಡೆ ನೋಡದೆಯೇ, "ಸಾರ್, ಅದು ಕೈಯೇ" ಎಂದ. ಯಾವುದು ಎಂದು ನಾನು ಕೇಳಲಿಲ್ಲ.

"ಹೌದು ಮಾರಾಯ, ಕೈಯೇ. ತಪ್ಪು ನನ್ನದು" ಎಂದೆ.

ಅವನು ಹಗ್ಗದ ಇನ್ನೊಂದು ತುದಿಯನ್ನು ನನ್ನ ಕಡೆಗೆ ಎಸೆದು, ಎಳೆದು ಹಿಡಿಯಿರಿ ಎಂದ.